ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡ್ರಿ

ಪ್ರಶ್ನೆ: ನನಗೆ 44 ವರ್ಷ, ಗದಗ ಜಿಲ್ಲೆಯವಳು. ಹೋದ ವರ್ಷ ಯಜಮಾನರಿಗೆ ಲಕ್ವಾ ಹೊಡೆದು ಮಗ್ಗದ ಕೆಲಸ ನಿಂತಿತು. ಈಗ ನನ್ನ ಹೊಲಿಗೆ ಮಷಿನ್ನೇ ಮನೆ ನಡೆಸುತ್ತಿದೆ. ನಮ್ಮ ಚರ್ಚಿನಲ್ಲಿ ಲೆಕ್ಕಪತ್ರದ ಜಗಳ ಎದ್ದು ಎರಡು ಪಾರ್ಟಿಯಾಗಿವೆ. ಆರಾಧನೆ ಮುಗಿದರೆ ಸಾಕು, ಅಂಗಳದಲ್ಲೇ ಕೂಗಾಟ. ಯಜಮಾನರನ್ನು ನೋಡಲು ಬಂದ ಸಭೆಯ ಹಿರಿಯರೊಬ್ಬರು 'ನಿಮ್ಮ ವಿಶ್ವಾಸ ಕಡಿಮಿ ಆಗೇತಿ, ಅದಕ್ಕ ಗುಣ ಆಗವಲ್ದು' ಅಂದು ಹೋದರು. ಎದುರು ಪಾರ್ಟಿಯ ಮನೆಯ ಅಜ್ಜಿಯೊಬ್ಬಳು ಮಾತ್ರ ಪ್ರತಿ ಶನಿವಾರ ರೊಟ್ಟಿ ಕೊಟ್ಟು ಹೋಗುತ್ತಾಳೆ. ಹನ್ನೆರಡು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ, ಈಗ ಮಕ್ಕಳ ಮುಂದೆ ಹಾಡು ಬಾಯಿಗೆ ಬರುತ್ತಿಲ್ಲ. ನಾದಿನಿ ತಾನು ಹೋಗುವ ಹೊಸ ಪ್ರಾರ್ಥನಾ ಮಂದಿರಕ್ಕೆ ಕರೆಯುತ್ತಿದ್ದಾಳೆ, ಅಲ್ಲಿ ಗುಣವಾಗುತ್ತದಂತೆ. ಅಜ್ಜನ ಕಾಲದ ಚರ್ಚ್ ಬಿಡಲೇ?

ಉತ್ತರ: ತಂಗಿ, ಮಿದುಳಿಗೆ ರಕ್ತ ಹೋಗುವುದು ತಡೆದಾಗ, ಇಲ್ಲವೇ ಅಲ್ಲಿಯ ರಕ್ತನಾಳ ಒಡೆದಾಗ ಲಕ್ವಾ ಹೊಡೆಯುತ್ತದೆ. ಹೆಂಡತಿಯ ವಿಶ್ವಾಸ ಅಳೆದು ನೋಡಿ ಅದು ಬರುವುದಿಲ್ಲ. ನಾನು ಕ್ರೈಸ್ತಳಲ್ಲ, ಆದರೆ ಧಾರವಾಡದಲ್ಲಿ ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿದವಳು, ನಿಮ್ಮ ಬೈಬಲ್ ಅಷ್ಟಿಷ್ಟು ಗೊತ್ತು. ಕಷ್ಟದ ಮೇಲೆ ಕಷ್ಟ ಬಂದ ಯೋಬನ ಗೆಳೆಯರು ಏಳು ದಿನ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕೂತಿದ್ದರಲ್ಲ, ಅಲ್ಲಿಯವರೆಗೆ ಒಳ್ಳೆಯವರೇ ಇದ್ದರು. ಇದು ನಿನ್ನ ಪಾಪದ ಫಲ ಎಂದು ಬಾಯಿ ಬಿಟ್ಟರು, ಕೆಟ್ಟರು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದೂ ಅವರ ಮೇಲೆಯೇ. ಸಂಡೇ ಸ್ಕೂಲ್ ಟೀಚರಿಗೆ ನಾನು ಈ ಕತೆ ಹೇಳುವಂತಾಯಿತು ನೋಡಿ!

ಹಾಡು ಬರದಿದ್ದರೆ ಹಾಡಬೇಡಿ. ಬೈಬಲ್ಲಿನ 88ನೆಯ ಕೀರ್ತನೆ ತೆಗೆದು ಓದಿ. ಗೋಳಿನಲ್ಲಿ ಶುರುವಾಗುವ ಬೇರೆ ಕೀರ್ತನೆಗಳು ಬಹುತೇಕ ಕೊನೆಗೆ ಸ್ತೋತ್ರದ ಕಡೆ ಹೊರಳುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಪುಸ್ತಕದಿಂದ ಕಿತ್ತುಹಾಕಲಿಲ್ಲ. ಸಭಾಪಾಲಕರಿಗೆ ಹೇಳಿ ಮೂರು ತಿಂಗಳು ಸಂಡೇ ಸ್ಕೂಲಿನಿಂದ ರಜೆ ತೆಗೆದುಕೊಳ್ಳಿ. ಚರ್ಚಿಗೆ ಹೋದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡ್ರಿ. ನಿಮ್ಮ ಪಾಲಿನ ಹಾಡನ್ನು ಸದ್ಯ ಬೇರೆಯವರು ಹಾಡಲಿ.

ಇನ್ನು ಲೆಕ್ಕದ ಜಗಳ. ನಮ್ಮ ಓಣಿಯಲ್ಲಿ ಗಣಪತಿ ಪಟ್ಟಿ ಹಣಕ್ಕಾಗಿ ಎರಡು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ, ಹಾಗಾಗಿ ನಿಮ್ಮ ಚರ್ಚೊಂದೇ ಕೆಟ್ಟಿದೆ ಎಂದುಕೊಳ್ಳಬೇಡಿ. ಹಾಗಂತ ಕಾಣಿಕೆ ಹಾಕಿದವರು ಲೆಕ್ಕ ಕೇಳುವುದು ತಪ್ಪೂ ಅಲ್ಲ. ವರ್ಷದ ಸಭೆಯಲ್ಲಿ ಎದ್ದು ನಿಂತು ಆಡಿಟ್ ಆದ ಲೆಕ್ಕ ಓದಿರೆಂದು ಒಮ್ಮೆ ಕೇಳಿ. ಯಾವ ಪಾರ್ಟಿಯ ಮನವಿಗೂ ಸಹಿ ಹಾಕಬೇಡಿ. ನಿಮ್ಮ ಮನೆಯಲ್ಲಿ ಈಗ ಅದಕ್ಕೆ ತ್ರಾಣವಿಲ್ಲ.

ನಮ್ಮ ಕಡೆಯ ಹಳೆಯ ಸಭೆಗಳು ಇದಕ್ಕಿಂತ ದೊಡ್ಡ ಪೆಟ್ಟು ತಿಂದಿವೆ. ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಅವರಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಮುನ್ನಡೆಸುವವರು ಹೋದರೂ ಬೆಂಚಿನ ಮೇಲೆ ಕೂಡುವ ಮಂದಿ ಇಲ್ಲಿಯವರೇ ಇದ್ದರು, ಉಳಿದರು. ನಿಮ್ಮ ಅಜ್ಜನ ಕಾಲ ಅಂದಿರಲ್ಲ, ಅದಕ್ಕೇ ಇದು ನೆನಪಾಯಿತು.

ಅದಕ್ಕಾಗಿ ನೀವು ಅಲ್ಲೇ ಉಳಿಯಲೇಬೇಕು ಎನ್ನುತ್ತಿಲ್ಲ. ನಾದಿನಿಯ ಜೊತೆ ಹೋಗಿ ನೋಡಿ ಬನ್ನಿ, ಪಾಪವೇನಲ್ಲ. ಆದರೆ ಬಿಪಿ ಗುಳಿಗೆ ಬಿಡಿ, ಫಿಜಿಯೋಥೆರಪಿ ಬೇಡ ಎಂದು ಅಲ್ಲಿ ಯಾರಾದರೂ ಅಂದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ. ಚರ್ಚ್ ಬದಲಿಸುವ ತೀರ್ಮಾನವನ್ನು ಈ ದಣಿವಿನಲ್ಲಿ ಮಾಡಬೇಡಿ. ಅಂದ ಹಾಗೆ, ಯಜಮಾನರಿಗೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಆಮೇಲೆ ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹಾಕಿ.

ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ರೊಟ್ಟಿಯ ಅಜ್ಜಿಯ ಮೇಲೆ. ಬೈಬಲ್ಲಿನ ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು 'ಸಾಕು' ಅಂದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿ ತಿನ್ನು ಅಂದ, ಮತ್ತೆ ಮಲಗಲು ಬಿಟ್ಟ. ಬರುವ ಶನಿವಾರ ಅಜ್ಜಿಯನ್ನು ಬಾಗಿಲಿನಿಂದಲೇ ಕಳಿಸಬೇಡಿ. ಒಳಗೆ ಕರೆದು ಚಹಾ ಕೊಡಿ. 'ಇವರ ಕಡೆ ಒಂದು ತಾಸು ಕೂತಿರ್ತೀರೇನ್ರಿ ಅಮ್ಮಾ' ಎಂದು ಕೇಳಿ. ಆ ಒಂದು ತಾಸು ಮಷಿನ್ ಮುಂದೆ ಕೂಡದೆ ಮಲಗಿ ನಿದ್ದೆ ಮಾಡಿ.