ಕಿಡ್ನಿ ಸೆಲ್ ಒಳಗ ಕ್ಯಾಲ್ಸಿಯಂ ಯಾಕ ತುಂಬ್ಕೊಳ್ಳಂಗಿಲ್ಲ?

ನೀವು ಕೇಳಿದ್ದು, ದಿನಾ ಅಷ್ಟು ಕ್ಯಾಲ್ಸಿಯಂ ಕಿಡ್ನಿ ಸೆಲ್ ಒಳಗಿಂದನ ಹಾದು ರಕ್ತಕ್ಕ ಹೊಳ್ಳಿ ಹೋಗ್ತೈತಿ ಅಂದ್ರ ಆ ಸೆಲ್ ಯಾಕ ಸಾಯಂಗಿಲ್ಲ ಅಂತ. ಚಲೋ ಪ್ರಶ್ನೆ ರೀ. ಮೊದ್ಲು ಒಂದು ಮಾತು, ಎಲ್ಲಾ ಕ್ಯಾಲ್ಸಿಯಂ ಸೆಲ್ ಒಳಗಿಂದ ಹೋಗಂಗಿಲ್ಲ, ಸುಮಾರು 65 ಪರ್ಸೆಂಟ್ ಮೂತ್ರ ಹಾಯೋ ನಾಳದ ಮೊದಲ್ನೇ ಭಾಗದಾಗನ ಬಹುತೇಕ ಸೆಲ್ಲುಗಳ ಸಂದಿಯಿಂದ ವಾಪಸ್ ಆಗಿಬಿಡ್ತೈತಿ. ನಿಮ್ಮ ಪ್ರಶ್ನೆ ಇರೋದು ಆ ನಾಳದ ಕೊನೀ ಕಡಿ ಭಾಗ, ಅಂದ್ರ ಡಿಸ್ಟಲ್ ಟ್ಯೂಬ್ಯೂಲ್‌ದು.

ಅಲ್ಲಿ ಮೂತ್ರದ ಕಡಿ ಗೋಡ್ಯಾಗ ಟಿಆರ್‌ಪಿವಿ5 ಅನ್ನೋ ಚಾನೆಲ್ ಐತಿ, ಅದು ಬಾಗ್ಲ. ಸೆಲ್ ಒಳಗ ಬಿಡಿ ಕ್ಯಾಲ್ಸಿಯಂ ರಕ್ತದಾಗಿನಕಿಂತ ಸುಮಾರು 10,000 ಪಟ್ಟು ಕಡಿಮಿ, ಹಂಗಾಗಿ ಬಾಗ್ಲ ತೆಗದ್ರ ಸಾಕು ತಾನಾ ನುಗ್ಗತೈತಿ. ನುಗ್ಗಿದ ಕೂಡ್ಲೇ ಕ್ಯಾಲ್ಬಿಂಡಿನ್ ಅನ್ನೋ ಪ್ರೋಟೀನ್ ಹಿಡ್ಕೊಂತೈತಿ. ನಮ್ಮ ಗಂಗಾವತಿ ರೈಸ್ ಮಿಲ್ಲಿನಾಗ ಹಮಾಲರನ್ನ ನೋಡೀರಲ್ಲ, ಲಾರಿಯಿಂದ ಇಳಿಸೋ ಚೀಲ ನೆಲಕ್ಕ ಬೀಳಗೊಡದಂಗ ಬೆನ್ನ ಮ್ಯಾಲೆ ತಗೊಂಡು ಸೀದಾ ಗೋಡೌನ್ ಕಡಿ ನಡೀತಾರ, ಥೇಟ್ ಹಂಗ, ಆದ್ರ ಈ ಹಮಾಲ ಒಮ್ಮೆಗೇ 4 ಕ್ಯಾಲ್ಸಿಯಂ ಹೊರ್ತಾನ! ಹಿಡದಿಟ್ಟಿದ್ದು ಲೆಕ್ಕಕ್ಕಿಲ್ಲ, ಸೆಲ್ಲಿಗೆ ಕುತ್ತು ತರೋದು ಬಿಡಿಯಾಗಿ ತಿರುಗೋ ಕ್ಯಾಲ್ಸಿಯಂ ಅಷ್ಟ.

ರಕ್ತದ ಕಡಿ ಗೋಡ್ಯಾಗ ಎನ್‌ಸಿಎಕ್ಸ್1 ಅನ್ನೋ ಅದಲಿ-ಬದಲಿ ಪ್ರೋಟೀನ್ ಮೂರು ಸೋಡಿಯಂ ಒಳಗ ಬಿಟ್ಕೊಂಡು ಒಂದು ಕ್ಯಾಲ್ಸಿಯಂ ಹೊರಗ ಹಾಕ್ತೈತಿ, ಪಿಎಂಸಿಎ ಅನ್ನೋ ಪಂಪ್ ಎಟಿಪಿ, ಅಂದ್ರ ಸೆಲ್ಲಿನ ಶಕ್ತಿ, ಖರ್ಚು ಮಾಡಿ ತಳ್ತೈತಿ. ಇಷ್ಟಾಗಿನೂ ಒಳಗ ಏರಿತು ಅಂದ್ರ ಟಿಆರ್‌ಪಿವಿ5 ತಾನಾ ಮುಚ್ಕೊಂತೈತಿ, ನನಗ ಭಾಳ ಸೇರೋದು ಇದ. ವಿಟಮಿನ್ ಡಿ ಬಂತಂದ್ರ ಬಾಗ್ಲ, ಹಮಾಲ ಎಲ್ಲಾ ಜಾಸ್ತಿ ತಯಾರಾಗ್ತಾವ.

ಮತ್ತ ನಿಮ್ಮ ನೋಟ್ಸ್‌ನಾಗ ಕ್ಯಾಲ್ಬಿಂಡಿನ್ ಒಂದು ಪಂಪ್ ಅಂತ ಬರ್ದಿದ್ರ ಅದನ್ನ ಹೊಡದಾಕ್ರಿ, ಅದು ಬರೇ ಹೊರೋ ಹಮಾಲ.