ಮ್ಯಾನ್ಮಾರ್‌ನ ಅನಿಲ ಕೋಲ್ಕತ್ತಕ್ಕೆ ಏಕೆ ಬರಲಿಲ್ಲ?

ನೆರೆಯ ದೇಶಗಳಲ್ಲೇ ನೈಸರ್ಗಿಕ ಅನಿಲ ಇರುವಾಗ ಭಾರತ ಅದನ್ನು ದೂರದಿಂದ ಹಡಗಿನಲ್ಲಿ ಏಕೆ ತರಿಸುತ್ತದೆ, ಕೊಳವೆಮಾರ್ಗದ ಮಾತುಕತೆಗಳು ಬೆಲೆಯ ವಿಷಯದಲ್ಲಿ ಮುರಿಯುತ್ತವೆಯೇ ಎಂದು ಕೇಳಿದ್ದೀರಿ. ಬೆಲೆಯೂ ಒಂದು ಕಾರಣ. ಆದರೆ ಇರಾನ್‌ನಿಂದ ಪಾಕಿಸ್ತಾನದ ಮೂಲಕ ಕೊಳವೆಯಲ್ಲಿ ಅನಿಲ ತರುವ ಯೋಜನೆಯ ಗದ್ದಲದಲ್ಲಿ ಎಲ್ಲರೂ ಮರೆತಿರುವ ಇನ್ನೊಂದು ಮಾತುಕತೆ ಇದೆ. ಅದು ಬೇರೆಯೇ ಕಾರಣಕ್ಕೆ ಕೈತಪ್ಪಿತು. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

2004ರಲ್ಲಿ ಮ್ಯಾನ್ಮಾರ್‌ನ ರಖೈನ್ ಕರಾವಳಿಯಾಚೆಯ ಸಮುದ್ರದಲ್ಲಿ ಶ್ವೆ ಎಂಬ ಅನಿಲ ನಿಕ್ಷೇಪ ಪತ್ತೆಯಾಯಿತು. ಬರ್ಮೀ ಭಾಷೆಯಲ್ಲಿ ಶ್ವೆ ಎಂದರೆ ಚಿನ್ನ. ಕೊರಿಯಾದ ದೇವೂ ಕಂಪನಿ ಮುಂದಾಳಾಗಿದ್ದ ಆ ಉದ್ಯಮದಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್‌ಗೆ ಶೇ 20, ಗೇಲ್‌ಗೆ ಶೇ 10 ಪಾಲಿತ್ತು. ಅಂದರೆ ಅಲ್ಲಿ ನಾವು ಬರೀ ಗಿರಾಕಿಗಳಾಗಿರಲಿಲ್ಲ, ಪಾಲುದಾರರೂ ಆಗಿದ್ದೆವು.

2005ರ ಜನವರಿಯಲ್ಲಿ ಭಾರತ, ಮ್ಯಾನ್ಮಾರ್, ಬಾಂಗ್ಲಾದೇಶ ಈ ಮೂರು ದೇಶಗಳ ಸಚಿವರು ಯಾಂಗೂನ್‌ನಲ್ಲಿ ಸೇರಿದರು. ನಮ್ಮ ಕಡೆಯಿಂದ ಹೋದವರು ಆಗಿನ ಪೆಟ್ರೋಲಿಯಂ ಸಚಿವ ಮಣಿಶಂಕರ್ ಅಯ್ಯರ್. ರಖೈನ್‌ನಿಂದ ಹೊರಟ ಕೊಳವೆ ಮಿಜೋರಾಂ, ತ್ರಿಪುರಾ ದಾಟಿ ಬಾಂಗ್ಲಾದೇಶದ ಮೂಲಕ ಕೋಲ್ಕತ್ತ ಸೇರಬೇಕೆಂಬ ಯೋಜನೆಗೆ ತಾತ್ವಿಕ ಒಪ್ಪಿಗೆಯೂ ಸಿಕ್ಕಿತು.

ಬಾಂಗ್ಲಾದೇಶಕ್ಕೆ ಸಾಗಣೆ ಶುಲ್ಕ ಸಿಗುವುದು ಖಚಿತವಿತ್ತು. ಅದರ ಜೊತೆಗೆ ಢಾಕಾ ಮೂರು ಬೇಡಿಕೆಗಳನ್ನು ಇಟ್ಟಿತು: ನೇಪಾಳ ಮತ್ತು ಭೂತಾನ್‌ನ ಜಲವಿದ್ಯುತ್ತು ಭಾರತದ ನೆಲದ ಮೂಲಕ ತನಗೆ ಬರಬೇಕು, ಆ ಎರಡು ದೇಶಗಳೊಂದಿಗೆ ವ್ಯಾಪಾರಕ್ಕೆ ದಾರಿ ಬಿಡಬೇಕು, ಭಾರತದೊಂದಿಗಿನ ತನ್ನ ವ್ಯಾಪಾರ ಕೊರತೆ ತಗ್ಗಬೇಕು. ಇವೆಲ್ಲ ನಮ್ಮಿಬ್ಬರ ನಡುವಿನ ವಿಷಯಗಳು, ಮೂರು ದೇಶಗಳ ಒಪ್ಪಂದದಲ್ಲಿ ಸೇರಿಸಲಾಗದು ಎಂದು ದೆಹಲಿ ಪಟ್ಟು ಹಿಡಿಯಿತು.

ಕಡತದ ನಿಯಮದಂತೆ ನೋಡಿದರೆ ದೆಹಲಿಯ ಮಾತು ಸರಿಯೇ. ಆದರೂ ಅಲ್ಲಿಯೇ ನಾವು ಎಡವಿದೆವು ಎಂದು ನಾನು ದೃಢವಾಗಿ ನಂಬುತ್ತೇನೆ. ಹಡಗನ್ನು ಬೇರೆ ಬಂದರಿಗೆ ತಿರುಗಿಸಬಹುದು, ಹೂತ ಕೊಳವೆಯನ್ನು ತಿರುಗಿಸಲಾಗದು. ಆದ್ದರಿಂದ ನಡುವಿನ ದೇಶ ಮುಂದೆ ಎಂದಾದರೂ ಕೈಕೊಟ್ಟೀತೆಂಬ ಭಯ ಕೊಳ್ಳುವವನಿಗೆ ಇದ್ದೇ ಇರುತ್ತದೆ. ನಡುವಿನ ದೇಶದ ಲೆಕ್ಕ ಬೇರೆ. ದೊಡ್ಡ ನೆರೆಯವನು ತನ್ನ ಬಳಿಗೆ ಬಂದು ದಾರಿ ಕೇಳುವ ಗಳಿಗೆ ಪದೇ ಪದೇ ಒದಗುವುದಿಲ್ಲ, ವರ್ಷಗಳಿಂದ ಕೇಳಿಸಿಕೊಳ್ಳದೆ ಉಳಿದ ಮಾತುಗಳನ್ನು ಅದು ಆಗಲೇ ಹೇಳಬೇಕು. ಢಾಕಾ ಕೇಳಿದ್ದೂ ದಾರಿಯನ್ನೇ, ನಾವು ಕೇಳಿದ್ದೂ ದಾರಿಯನ್ನೇ. ದಾರಿಗೆ ದಾರಿ ಎಂದು ಒಪ್ಪಿಕೊಂಡಿದ್ದರೆ ಆ ಕೊಳವೆ ಕಡಿದರೆ ಇಬ್ಬರಿಗೂ ನಷ್ಟವಾಗುತ್ತಿತ್ತು. ಇಂಥ ಒಪ್ಪಂದಕ್ಕೆ ಅದಕ್ಕಿಂತ ಗಟ್ಟಿಯಾದ ಜಾಮೀನು ಇನ್ನೊಂದಿಲ್ಲ.

ಬಾಂಗ್ಲಾದೇಶವನ್ನು ಬಿಟ್ಟು ಈಶಾನ್ಯ ರಾಜ್ಯಗಳಲ್ಲೇ ಸುತ್ತಿಸಿ ತರುವ ಮಾರ್ಗವನ್ನೂ ಪರಿಶೀಲಿಸಿದರು. ಅದು ಬಹಳ ಉದ್ದ, ಗುಡ್ಡಗಾಡು, ವಿಪರೀತ ಖರ್ಚು. ಅಷ್ಟರಲ್ಲಿ ಚೀನಾ ಮುಂದೆ ಬಂದಿತ್ತು. ಅದು ದಾಟಬೇಕಾಗಿದ್ದದ್ದು ಒಂದೇ ಗಡಿ, ಒಪ್ಪಿಸಬೇಕಾಗಿದ್ದದ್ದು ಒಂದೇ ಸರ್ಕಾರವನ್ನು. 2008ರ ಡಿಸೆಂಬರ್‌ನಲ್ಲಿ ಅದು 30 ವರ್ಷಗಳ ಖರೀದಿ ಒಪ್ಪಂದಕ್ಕೆ ಸಹಿ ಹಾಕಿತು. 2013ರಲ್ಲಿ ರಖೈನ್ ಕರಾವಳಿಯ ಚೌಕ್‌ಪ್ಯೂದಿಂದ ಚೀನಾದ ಯುನ್ನಾನ್ ಪ್ರಾಂತ್ಯದ ಗಡಿಯ ಕಡೆಗೆ ಅನಿಲ ಹರಿಯತೊಡಗಿತು. ಒಎನ್‌ಜಿಸಿ ವಿದೇಶ್ ಮತ್ತು ಗೇಲ್‌ಗೆ ಆ ನಿಕ್ಷೇಪದಲ್ಲಿ ಮಾತ್ರವಲ್ಲ, ಚೀನಾಕ್ಕೆ ಹೋಗುವ ಆ ಕೊಳವೆಯಲ್ಲಿಯೂ ಪಾಲಿದೆ. ಲಾಭಾಂಶ ನಮಗೆ ಬಂದಿತು, ಅನಿಲ ಬರಲಿಲ್ಲ.

ಬಾಂಗ್ಲಾದೇಶವೂ ನಮ್ಮಂತೆಯೇ 2018ರಲ್ಲಿ ತನ್ನ ಕರಾವಳಿಯ ಮಹೇಶ್‌ಖಾಲಿಯಲ್ಲಿ ಎಲ್‌ಎನ್‌ಜಿಯನ್ನು, ಅಂದರೆ ದ್ರವವಾಗಿಸಿ ಹಡಗಿನಲ್ಲಿ ತರುವ ಅನಿಲವನ್ನು, ಇಳಿಸಿಕೊಳ್ಳಲು ಆರಂಭಿಸಿತು. 2024ರ ಅಕ್ಟೋಬರ್‌ನಲ್ಲಿ ಭಾರತ, ನೇಪಾಳ ಮತ್ತು ಬಾಂಗ್ಲಾದೇಶಗಳು ಕಠ್ಮಂಡುವಿನಲ್ಲಿ ಮೂರು ದೇಶಗಳ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅದರಂತೆ ನೇಪಾಳದ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಹೋಗುತ್ತದೆ. 2005ರಲ್ಲಿ ಢಾಕಾ ಕೇಳಿದ್ದ ಮೂರರಲ್ಲಿ ಇದೂ ಒಂದು.