ಓದುಗರ ಪ್ರಶ್ನೆ: ಯೆರಿಕೋವಿನ ಗೋಡೆಗೆ ವಯಸ್ಸೆಷ್ಟು?

ಪ್ರಶ್ನೆ: ಇಸ್ರಾಯೇಲ್ಯರ ನಾಯಕ ಯೆಹೋಶುವನ ಮುಂದೆ ಯೆರಿಕೋವಿನ ಗೋಡೆ ಬಿತ್ತೆಂದು ಬೈಬಲ್ ಹೇಳುತ್ತದೆ; ಅದು ಉತ್ಖನನದಲ್ಲಿ ಸಾಬೀತಾಗಿದೆ ಎಂದು ಸಭೆಯಲ್ಲಿ ಕೇಳಿದ್ದೆ. ಅದೆಲ್ಲ ಸುಳ್ಳೆಂದು ಈಚೆಗೆ ಓದಿದೆ. ಯಾವುದನ್ನು ನಂಬಲಿ?

ಉತ್ತರ: ಎರಡು ಮಾತೂ ಹುಟ್ಟಿದ್ದು ಒಂದೇ ದಿಬ್ಬದಲ್ಲಿ, ಹಳೆಯ ಯೆರಿಕೋ ಇದ್ದ ತೆಲ್ ಎಸ್-ಸುಲ್ತಾನ್‌ನಲ್ಲಿ. 1930ರಿಂದ 1936ರವರೆಗೆ ಅಲ್ಲಿ ಅಗೆಸಿದ ಪುರಾತತ್ವಜ್ಞ ಜಾನ್ ಗಾರ್ಸ್ಟಾಂಗ್, ಕುಸಿದ ಜೋಡಿಗೋಡೆಯೊಂದು ಯೆಹೋಶುವನ ಕಾಲದ್ದು, ಸುಮಾರು ಕ್ರಿ.ಪೂ. 1400ರದು ಎಂದರು. 1952-58ರಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಮತ್ತೆ ಅಗೆಸಿದಾಗ, ಅದು ಇನ್ನೂ ಸಾವಿರ ವರ್ಷದಷ್ಟು ಹಳೆಯದೆಂದು ತಿಳಿಯಿತು.

ಗೋಡೆಯ ಕಾಲ ತಿಳಿಯಬೇಕಾದರೆ ಅದರ ಬುಡದ ಮಣ್ಣು ನೋಡಬೇಕು. ಕೆನ್ಯನ್ ಗುಂಡಿಗಳ ನಡುವೆ ಅಗೆಯದ ಮಣ್ಣಿನ ದಂಡೆ ಉಳಿಸಿಕೊಳ್ಳುತ್ತಿದ್ದರು. ದಂಡೆಯ ಮೈಯಲ್ಲಿ ಪಾಯಕ್ಕೆ ತೋಡಿದ ಜಾಗ, ಅದಕ್ಕೆ ತುಂಬಿದ ಮಣ್ಣು, ಗೋಡೆಗೆ ಬಂದು ತಾಗುವ ನೆಲ ಎಲ್ಲವೂ ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತವೆ. ಪಾಯದ ತೋಡಿನಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ತೀರ ಈಚಿನದು ಯಾವುದೋ, ಗೋಡೆ ಅದಕ್ಕಿಂತ ಹಳೆಯದಾಗಿರಲಾರದು. ತೋಡನ್ನು ಗುರುತಿಸದೆ, ಒಂದೇ ಆಳದಲ್ಲಿ ಸಿಕ್ಕಿತೆಂದು ಎಲ್ಲ ಚೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಕಾಲಗಳು ಕಲಸಿಹೋಗುತ್ತವೆ. (ಕೆನ್ಯನ್ ಇದನ್ನು ಕಲಿತದ್ದು ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಳಿ; ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು.)

ಯೆರಿಕೋ ಸುಟ್ಟುಹೋದದ್ದಂತೂ ನಿಜ. ಸುಟ್ಟ ಪದರದಲ್ಲಿ ಕರಕಲಾದ ಧಾನ್ಯ ಜಾಡಿಗಟ್ಟಲೆ ಸಿಕ್ಕಿದೆ. ಕೆನ್ಯನ್ ಅದನ್ನು ಸುಮಾರು ಕ್ರಿ.ಪೂ. 1550ಕ್ಕೆ ಇಟ್ಟರು. ಮಡಕೆಗಳ ಆಧಾರದ ಮೇಲೆ ಪುರಾತತ್ವಜ್ಞ ಬ್ರಯಂಟ್ ವುಡ್ 1990ರಲ್ಲಿ ಮತ್ತೆ 1400 ಎಂದು ವಾದಿಸಿದರು. ಆದರೆ 1995ರಲ್ಲಿ ಪ್ರಕಟವಾದ ಕಾರ್ಬನ್ ಪರೀಕ್ಷೆ (ಜೀವವಿದ್ದ ವಸ್ತುವಿನಲ್ಲಿ ಉಳಿದ ಕಾರ್ಬನ್-14 ಅಳೆದು ಕಾಲ ಹೇಳುವುದು) ಧಾನ್ಯವನ್ನು ಕ್ರಿ.ಪೂ. 16ನೇ ಶತಮಾನಕ್ಕೇ ಒಯ್ದಿತು. ಇಲ್ಲಿ ತೊಲೆಗಿಂತ ಕಾಳಿಗೆ ಬೆಲೆ ಹೆಚ್ಚು: ತೊಲೆಯ ತಿರುಳು ಮರ ಕಡಿಯುವುದಕ್ಕಿಂತ ನೂರು ವರ್ಷ ಹಿಂದಿನದಿರಬಹುದು, ಕಾಳು ಒಂದೇ ಸುಗ್ಗಿಯದು.

ಹಾಗಾಗಿ "ಸಾಬೀತಾಗಿದೆ" ಎಂದು ಸಭೆಯಲ್ಲಿ ಹೇಳುವುದು ತಪ್ಪು, ಅದನ್ನು ಬಿಟ್ಟುಬಿಡಬೇಕು. ಊರು ಯಾವಾಗ ಸುಟ್ಟಿತೆಂಬುದನ್ನು ಕಾಳು ಹೇಳುತ್ತದೆ. ಯೆಹೋಶುವ 6ನೇ ಅಧ್ಯಾಯವನ್ನು ದೇವರ ಮಾತೆಂದು ಓದುವುದೋ ಬಿಡುವುದೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ನಿಮ್ಮ ವಿಶ್ವಾಸವನ್ನು ಮಡಕೆ ಚೂರಿನ ಮೇಲೆ ನಿಲ್ಲಿಸಬೇಡಿ. ಮುಂದಿನ ಅಗೆತ ಆ ಚೂರನ್ನೇ ಕದಲಿಸಬಹುದು.

ಪ್ರಶ್ನೆ: ಹಾಗಾದರೆ ಗ್ರಂಥಕ್ಕೆ ಹೊಂದುವುದು ಏನೂ ಸಿಕ್ಕಿಲ್ಲವೇ?

ಉತ್ತರ: ಸಿಕ್ಕಿದೆ. ಯೆಹೂದದ ಅರಸ ಹಿಜ್ಕೀಯನು ಕಾಲುವೆ ಮಾಡಿ ಪಟ್ಟಣಕ್ಕೆ ನೀರು ತಂದನೆಂದು ಎರಡನೆಯ ಅರಸುಗಳು 20:20 ಹೇಳುತ್ತದೆ. ಜೆರುಸಲೇಮಿನಲ್ಲಿ 533 ಮೀಟರ್ ಉದ್ದದ ಸುರಂಗವಿದೆ. ಅದರ ಗಾರೆಯಲ್ಲಿ ಸಿಕ್ಕಿಕೊಂಡಿದ್ದ ಗಿಡದ ಚೂರುಗಳ ಕಾರ್ಬನ್ ಪರೀಕ್ಷೆ 2003ರಲ್ಲಿ ಪ್ರಕಟವಾಗಿ, ಸುಮಾರು ಕ್ರಿ.ಪೂ. 700 ಎಂಬುದಕ್ಕೆ ಹೊಂದಿತು. 1880ರಲ್ಲಿ ಅಲ್ಲಿ ಕಂಡ ಆರು ಸಾಲಿನ ಶಾಸನದಲ್ಲಿ ಮಾತ್ರ ಅರಸನ ಹೆಸರಿಲ್ಲ. ಎರಡು ಕಡೆಯಿಂದ ಕಡಿಯುತ್ತ ಬಂದವರಿಗೆ ಇನ್ನು ಮೂರು ಮೊಳ ಬಂಡೆ ಬಾಕಿಯಿರುವಾಗ ಆಚೆಯವನ ಕೂಗು ಕೇಳಿಸಿತು ಎಂದು ಅದರಲ್ಲಿ ಬರೆದಿದೆ.